ಘಾಟಿ ಇಳಿದು ನೇತ್ರಾಣಿಗೆ: ಸ್ಕೂಬಾ ಡೈವಿಂಗ್ ಕಲಿಯಲು ಹೊರಟವರಿಗೆ ಹಂತ ಹಂತವಾಗಿ

“ಈಜು ಬರಲ್ಲ, ಸ್ಕೂಬಾ ಕಲಿಯಬಹುದಾ?” “ಶನಿವಾರ, ಭಾನುವಾರ ಎರಡೇ ದಿನದಲ್ಲಿ ಕೋರ್ಸ್ ಮುಗಿಯುತ್ತಾ?” “ಕಿವಿ ತಮಟೆ ಒಡೆದುಹೋಗುತ್ತಂತೆ, ಹೌದಾ?” ನಾನು ಮುರುಡೇಶ್ವರದಲ್ಲಿ ಡೈವಿಂಗ್ ಕಲಿತು ಬಂದ ಮೇಲೆ ಸ್ನೇಹಿತರು, ಓದುಗರು, ಆಫೀಸಿನವರು ಕೇಳುವುದು ಹೆಚ್ಚುಕಡಿಮೆ ಇವೇ ಮೂರು ಪ್ರಶ್ನೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ನೇತ್ರಾಣಿಯ ಬಗ್ಗೆ. ಭಟ್ಕಳ ತಾಲ್ಲೂಕಿನ ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ಆಚೆ, ಅರಬ್ಬಿ ಸಮುದ್ರದಲ್ಲಿರುವ ಪುಟ್ಟ ದ್ವೀಪ. ಪಾರಿವಾಳ ಗುಡ್ಡ ಅಂತಲೂ ಹೆಸರಿದೆ. ಸುತ್ತ ಕಡಿದಾದ ಬಂಡೆ, ಬಂಡೆಯ ಬುಡದಲ್ಲಿ ಹವಳ, ಹವಳದ ನಡುವೆ ಮೀನು. ನೀವು ಅಂಡಮಾನಿಗೋ ಲಕ್ಷದ್ವೀಪಕ್ಕೋ ಹೋಗಿ ಕಲಿತರೂ ಹಂತಗಳು ಹೆಚ್ಚುಕಡಿಮೆ ಇವೇ. ಆದರೆ ನಮ್ಮ ಕಡೆಯವರಿಗೆ ಒಂದು ವಿಶೇಷ ತೊಂದರೆ ಇದೆ. ಅದು ಘಾಟಿ. ಅದರ ಬಗ್ಗೆ ಕೊನೆಯಲ್ಲಿ ವಿವರವಾಗಿ ಬರೆದಿದ್ದೇನೆ. ದಯವಿಟ್ಟು ಅದನ್ನು ಓದದೆ ವಾಪಸ್ ಬಸ್ಸಿಗೆ ಟಿಕೆಟ್ ಮಾಡಿಸಬೇಡಿ.

ಹೊಸಬರು ಪಡುವ ಪಾಡಿಗೆಲ್ಲ ಹೆಚ್ಚಾಗಿ ಅವಸರವೇ ಕಾರಣ ಅನ್ನುವುದು ನನ್ನ ಅನುಭವ. ಕಿವಿನೋವು, ದೋಣಿಯಲ್ಲಿ ವಾಂತಿ, ನೀರೊಳಗೆ ಗಾಬರಿ, ಬೇಗ ಗಾಳಿ ಖಾಲಿಯಾಗುವುದು, ಎಲ್ಲವೂ ಅಲ್ಲಿಂದಲೇ ಶುರು. ಹಾಗಾಗಿ ಈ ಲೇಖನದಲ್ಲಿ ದಿನಗಳ ಲೆಕ್ಕ ಸ್ವಲ್ಪ ಜಾಸ್ತಿಯೇ ಬರುತ್ತದೆ.

1. ನಿಮಗೆ ಬೇಕಾದದ್ದು ಯಾವುದು ಎಂದು ಮೊದಲು ತೀರ್ಮಾನಿಸಿ

ಜನ ಎರಡು ಬೇರೆ ಸಂಗತಿಗಳನ್ನು ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ಒಂದು, ಒಂದು ದಿನದ ಅನುಭವದ ಡೈವ್. ‘ಡಿಸ್ಕವರ್ ಸ್ಕೂಬಾ’, ‘ಟ್ರೈ ಡೈವ್’ ಎಂದೆಲ್ಲ ಹೇಳುತ್ತಾರೆ. ಇದರಲ್ಲಿ ಇನ್‌ಸ್ಟ್ರಕ್ಟರ್ ನಿಮ್ಮ ಜೊತೆಯಲ್ಲೇ ಇರುತ್ತಾರೆ, ಎಷ್ಟೋ ಸಲ ನಿಮ್ಮ ಬೆನ್ನಿನ ಗಾಳಿಯ ಸಿಲಿಂಡರ್ ಹಿಡಿದುಕೊಂಡೇ ಕರೆದೊಯ್ಯುತ್ತಾರೆ. ಆಳದ ಮಿತಿ 12 ಮೀಟರ್. ಈಜು ಬರದವರೂ ಮಾಡಬಹುದು. ನೋಡಿ ಬರಲು ಚೆನ್ನಾಗಿದೆ, ಆದರೆ ಕಲಿತ ಹಾಗಾಗುವುದಿಲ್ಲ.

ಇನ್ನೊಂದು, ‘ಓಪನ್ ವಾಟರ್’ ಕೋರ್ಸ್. ಇದು ನಿಜವಾದ ತರಬೇತಿ. ಪಾಠ, ಪರೀಕ್ಷೆ, ಈಜುಕೊಳದಲ್ಲಿ ಅಭ್ಯಾಸ, ಕಡಲಿನಲ್ಲಿ ನಾಲ್ಕು ಡೈವ್. ಪಾಸಾದರೆ ಒಬ್ಬ ಜೊತೆಗಾರರ ಜೊತೆ 18 ಮೀಟರ್ ತನಕ, ಅಂದರೆ ಸುಮಾರು 60 ಅಡಿ, ಇಳಿಯಬಹುದು ಎಂಬ ಸರ್ಟಿಫಿಕೇಟ್ ಸಿಗುತ್ತದೆ. ಪ್ಯಾಡಿ, ಎಸ್‌ಎಸ್‌ಐ ಅನ್ನುವುದು ಈ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳ ಹೆಸರು. ಯಾವುದಾದರೂ ಆದೀತು, ಎರಡನ್ನೂ ಬೇರೆ ದೇಶಗಳಲ್ಲೂ ಒಪ್ಪುತ್ತಾರೆ. ವಯಸ್ಸು ಕನಿಷ್ಠ 10 ತುಂಬಿರಬೇಕು. ಚಿಕ್ಕ ಮಕ್ಕಳಿಗೆ ಆಳದ ಮಿತಿ ಕಡಿಮೆ.

ನೀರಿನ ಭಯ ಇದೆ ಎಂದರೆ ಮೊದಲು ಅನುಭವದ ಡೈವ್ ಮಾಡಿ ನೋಡಿ. ಭಯ ಇಲ್ಲ, ಈಜೂ ಬರುತ್ತದೆ ಎಂದರೆ ನೇರವಾಗಿ ಕೋರ್ಸಿಗೇ ಸೇರಿ. ಮುಂದೆ ಬರೆದಿರುವುದೆಲ್ಲ ಕೋರ್ಸಿನ ಬಗ್ಗೆ.

2. ಈಜು ಮತ್ತು ಆರೋಗ್ಯ: ಮನೆಯಲ್ಲೇ ಪರೀಕ್ಷಿಸಿಕೊಳ್ಳಿ

ಕೋರ್ಸಿನಲ್ಲಿ ಎರಡು ಈಜಿನ ಪರೀಕ್ಷೆ ಇರುತ್ತದೆ. 200 ಮೀಟರ್ ನಿಲ್ಲದೆ ಈಜಬೇಕು. ಮತ್ತೆ 10 ನಿಮಿಷ ಯಾವ ಆಸರೆಯೂ ಇಲ್ಲದೆ ತೇಲಿಕೊಂಡಿರಬೇಕು. ಈಜಿಗೆ ಸಮಯದ ಮಿತಿ ಇಲ್ಲ. ಯಾವ ಶೈಲಿಯಾದರೂ ಸರಿ. ಊರ ಕೆರೆಯಲ್ಲಿ, ಬಾವಿಯಲ್ಲಿ ಕಲಿತ ಈಜಾದರೂ ನಡೆಯುತ್ತದೆ. ಹೊರಡುವ ಒಂದು ತಿಂಗಳ ಮೊದಲೇ ಹತ್ತಿರದ ಈಜುಕೊಳಕ್ಕೆ ಹೋಗಿ ಇವೆರಡನ್ನೂ ಮಾಡಿ ನೋಡಿ. 10 ನಿಮಿಷ ತೇಲುವುದು ಕೇಳಲು ಸುಲಭ. ಆದರೆ ಹೆಚ್ಚು ಜನ ಏದುಸಿರು ಬಿಡುವುದು ಅಲ್ಲೇ.

ಆರೋಗ್ಯದ ಬಗ್ಗೆ ಒಂದು ಫಾರಂ ತುಂಬಿಸಿಕೊಳ್ಳುತ್ತಾರೆ. ಅಸ್ತಮಾ, ಹೃದಯದ ತೊಂದರೆ, ಫಿಟ್ಸ್, ಕಿವಿ ಅಥವಾ ಸೈನಸ್ ಆಪರೇಷನ್, ಶ್ವಾಸಕೋಶದ ಕಾಯಿಲೆ, ಹೀಗೆ ಪ್ರಶ್ನೆಗಳಿರುತ್ತವೆ. ಇಂಥವಕ್ಕೆ ‘ಹೌದು’ ಎಂದರೆ ವೈದ್ಯರ ಒಪ್ಪಿಗೆ ಪತ್ರ ಬೇಕು. ಗರ್ಭಿಣಿಯರು ಡೈವ್ ಮಾಡಲೇಬಾರದು.

ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಎಂದರೆ ಮುರುಡೇಶ್ವರಕ್ಕೆ ಹೋದ ಮೇಲೆ ಈ ಫಾರಂ ನೋಡುವುದು. ದುಡ್ಡು ಕಟ್ಟಾಗಿದೆ, ರಜೆ ಹಾಕಿಯಾಗಿದೆ, ಅಲ್ಲಿ ಕೂತು ‘ಹೌದು’ ಎಂದು ಬರೆಯಲು ಮನಸ್ಸು ಬರುವುದಿಲ್ಲ. ಸುಮ್ನೆ ಎಲ್ಲಕ್ಕೂ ‘ಇಲ್ಲ’ ಎಂದು ಬರೆದುಬಿಡುತ್ತಾರೆ. ಅಸ್ತಮಾ ಇರುವವರ ಶ್ವಾಸಕೋಶದಲ್ಲಿ ಗಾಳಿ ಸಿಕ್ಕಿಕೊಂಡರೆ ಮೇಲೆ ಬರುವಾಗ ಜೀವಕ್ಕೇ ಅಪಾಯ. ಬುಕ್ ಮಾಡುವಾಗಲೇ ಫಾರಂ ಕಳಿಸಿಕೊಡಿ ಎಂದು ಕೇಳಿ. ಬೇಕಿದ್ದರೆ ನಿಮ್ಮ ವೈದ್ಯರಿಗೆ ತೋರಿಸಿ.

3. ಯಾವಾಗ ಹೋಗಬೇಕು, ಎಷ್ಟು ದಿನ ಬೇಕು

ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲ. ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇ ತನಕ ಸೀಸನ್. ಡಿಸೆಂಬರ್, ಜನವರಿಯಲ್ಲಿ ಕಡಲು ಶಾಂತವಾಗಿದ್ದು ನೀರು ತಿಳಿಯಾಗಿರುವ ಸಾಧ್ಯತೆ ಹೆಚ್ಚು. ಆದರೆ ಕ್ರಿಸ್‌ಮಸ್, ಹೊಸ ವರ್ಷದ ವಾರ ಜನಜಾತ್ರೆ. ಆ ವಾರ ಬಿಟ್ಟು ವಾರದ ನಡುವಿನ ದಿನಗಳಲ್ಲಿ ಹೋದರೆ ಇನ್‌ಸ್ಟ್ರಕ್ಟರ್‌ಗೂ ನಿಮ್ಮನ್ನು ಗಮನಿಸಲು ಸಮಯ ಸಿಗುತ್ತದೆ.

ದಿನಗಳ ವಿಷಯಕ್ಕೆ ಬರೋಣ. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ ಹತ್ತಿ, ನಿದ್ದೆಗೆಟ್ಟು ಬೆಳಿಗ್ಗೆ ಇಳಿದು, ಮುಖ ತೊಳೆದು ನೇರ ದೋಣಿಗೆ ಹೋಗುವುದು ಬಹಳ ಜನರ ಪ್ಲಾನ್. ದಯವಿಟ್ಟು ಬೇಡ. ನಾನು ಸಲಹೆ ಕೊಡುವುದು ಹೀಗೆ: ಮೊದಲ ದಿನ ಪಾಠ ಮತ್ತು ಈಜುಕೊಳ. ಎರಡನೇ ದಿನ ಮತ್ತೆ ಈಜುಕೊಳ. ಮೂರು ಮತ್ತು ನಾಲ್ಕನೇ ದಿನ ಕಡಲು, ದಿನಕ್ಕೆ ಎರಡು ಡೈವ್. ಐದನೇ ದಿನ ವಾಪಸ್. ಗಾಳಿ ಜೋರಾಗಿ ದೋಣಿ ಹೊರಡದೇ ಇರಬಹುದು, ಅದಕ್ಕೆ ಇನ್ನೂ ಒಂದು ದಿನ ಕೈಯಲ್ಲಿರಲಿ.

ಅಷ್ಟು ರಜೆ ಸಿಗಲ್ಲ ಎನ್ನುವವರಿಗೂ ದಾರಿ ಇದೆ. ಪಾಠವನ್ನು ಆನ್‌ಲೈನ್‌ನಲ್ಲಿ ಮನೆಯಲ್ಲೇ ಮುಗಿಸಬಹುದು. ಈಜುಕೊಳದ ಭಾಗವನ್ನು ಬೆಂಗಳೂರಿನಲ್ಲೇ ಮುಗಿಸಿಕೊಡುವ ಡೈವಿಂಗ್ ಶಾಲೆಗಳಿವೆ. ಆಗ ಕಡಲಿನ ನಾಲ್ಕು ಡೈವ್ ಮಾತ್ರ ಮುರುಡೇಶ್ವರದಲ್ಲಿ ಉಳಿಯುತ್ತದೆ.

4. ಬುಕ್ ಮಾಡುವ ಮೊದಲು ಕೇಳಬೇಕಾದ್ದು

ಎಲ್ಲಿ ಕಡಿಮೆ ದುಡ್ಡು ಎಂದು ನೋಡುವ ಮೊದಲು ಇವನ್ನು ಫೋನಿನಲ್ಲಿ ಕೇಳಿ. ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ ವಿದ್ಯಾರ್ಥಿಗಳು? ನಿಯಮದ ಪ್ರಕಾರ ಕಡಲಿನಲ್ಲಿ ಎಂಟು ಜನರ ತನಕ ಅವಕಾಶ ಇದೆ. ಆದರೂ ನಾಲ್ಕಕ್ಕಿಂತ ಜಾಸ್ತಿ ಇದ್ದರೆ ನಾನು ಬೇರೆ ಬ್ಯಾಚ್ ಕೇಳುತ್ತೇನೆ. ದೋಣಿಯಲ್ಲಿ ಆಕ್ಸಿಜನ್ ಕಿಟ್ ಇರುತ್ತದಾ? ತುರ್ತು ಸಮಯದಲ್ಲಿ ಯಾವ ಆಸ್ಪತ್ರೆಗೆ, ಹೇಗೆ ಕರೆದೊಯ್ಯುತ್ತಾರೆ? ಕಡಲು ಕೆಟ್ಟು ಡೈವ್ ನಿಂತರೆ ಹಣ ವಾಪಸಾ, ಬೇರೆ ದಿನ ಕೊಡುತ್ತಾರಾ? ಸರ್ಟಿಫಿಕೇಟಿನ ಖರ್ಚು, ಸಲಕರಣೆಯ ಬಾಡಿಗೆ ಎಲ್ಲ ಸೇರಿದೆಯಾ?

ಕನ್ನಡದಲ್ಲಿ ಹೇಳಿಕೊಡುವ ಇನ್‌ಸ್ಟ್ರಕ್ಟರ್ ಇದ್ದಾರಾ ಎಂದೂ ಕೇಳಿ. ನಿಮಗೆ ಇಂಗ್ಲಿಷ್ ಚೆನ್ನಾಗಿ ಬರಬಹುದು. ಆದರೂ ಗಾಬರಿಯಾದಾಗ ತಲೆಗೆ ಬೇಗ ಹೋಗುವುದು ಮನೆಮಾತು.

ಆಕ್ಸಿಜನ್ ಕಿಟ್ ಬಗ್ಗೆ ಕೇಳಿದಾಗ ಯಾರಾದರೂ ನಕ್ಕರೆ, ‘ಏನೂ ಆಗಲ್ಲ ಬನ್ನಿ ಸಾರ್’ ಎಂದರೆ, ಅಲ್ಲಿಗೆ ಹೋಗಬೇಡಿ.

5. ಘಾಟಿ ಇಳಿಯುವಾಗಲೇ ಮೊದಲ ಪಾಠ

ಇದು ಯಾವ ಕೋರ್ಸಿನ ಪುಸ್ತಕದಲ್ಲೂ ಇರುವುದಿಲ್ಲ, ಆದರೆ ಬಹಳ ಉಪಯೋಗಕ್ಕೆ ಬರುತ್ತದೆ. ಜೋಗದ ಕಡೆಯಿಂದ ಗೇರುಸೊಪ್ಪೆ ಘಾಟಿಯಲ್ಲೋ, ಸಕಲೇಶಪುರದಿಂದ ಶಿರಾಡಿಯಲ್ಲೋ ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದೆ ಅಲ್ವಾ? ಕೆಳಗೆ ಇಳಿದಂತೆ ಗಾಳಿಯ ಒತ್ತಡ ಏರುತ್ತದೆ. ಕಿವಿ ತಮಟೆಯ ಹೊರಗೆ ಒತ್ತಡ ಜಾಸ್ತಿ, ಒಳಗೆ ಕಡಿಮೆ. ಅದಕ್ಕೇ ಆ ಬಿಗಿತ. ಎಂಜಲು ನುಂಗಿದರೆ, ಆಕಳಿಸಿದರೆ ‘ಟಪ್’ ಎಂದು ಬಿಡುತ್ತದೆ.

ನೀರಿನಲ್ಲಿ ಆಗುವುದೂ ಇದೇ, ಆದರೆ ಬಹಳ ಬೇಗ. ಸುಮಾರು 600 ಮೀಟರ್ ಎತ್ತರದಿಂದ ದಡಕ್ಕೆ ಇಳಿದಾಗ ಏರುವಷ್ಟು ಒತ್ತಡ ನೀರಿನಲ್ಲಿ 70 ಸೆಂಟಿಮೀಟರ್ ಇಳಿದರೆ ಏರಿಬಿಡುತ್ತದೆ. ಬಸ್ಸು ಮುಕ್ಕಾಲು ಗಂಟೆ ತಿರುವು ಸುತ್ತಿ ಇಳಿದ ಘಾಟಿಯನ್ನು ನೀವು ನೀರಿನಲ್ಲಿ ಒಂದು ಉಸಿರಿನಲ್ಲಿ ಇಳಿಯುತ್ತೀರಿ.

ಕಿವಿ ಬಿಡಿಸಿಕೊಳ್ಳುವುದಕ್ಕೆ ಡೈವಿಂಗ್ ಭಾಷೆಯಲ್ಲಿ ‘ಇಕ್ವಲೈಸ್’ ಮಾಡುವುದು ಎನ್ನುತ್ತಾರೆ. ಒಳಗಿನ, ಹೊರಗಿನ ಒತ್ತಡ ಸಮ ಮಾಡುವುದು ಎಂದರ್ಥ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆತ್ತಗೆ ಮೂಗಿನಿಂದ ಗಾಳಿ ಊದುವ ಹಾಗೆ ಮಾಡಬೇಕು. ಜೋರಾಗಿ ಊದಬಾರದು. ಘಾಟಿ ಇಳಿಯುವಾಗ ಬಿಗಿತ ಬರುವ ಮೊದಲೇ ಇದನ್ನು ಮಾಡಿ ನೋಡಿ. ಎರಡೂ ಕಿವಿ ಸಲೀಸಾಗಿ ಬಿಡುತ್ತಿದೆಯಾ, ಒಂದು ಕಿವಿ ತಡವಾಗುತ್ತಿದೆಯಾ ಎಂದು ಅಲ್ಲೇ ಗೊತ್ತಾಗುತ್ತದೆ. ಬಿಡಲೇ ಇಲ್ಲ, ಮೂಗು ಕಟ್ಟಿದೆ ಎಂದರೆ ನಿಮಗೆ ಶೀತ ಇರಬಹುದು. ಇನ್‌ಸ್ಟ್ರಕ್ಟರ್‌ಗೆ ಮೊದಲೇ ಹೇಳಿ.

6. ಪಾಠದಲ್ಲಿ ತಲೆಗೆ ಹತ್ತಿಸಿಕೊಳ್ಳಬೇಕಾದ ಎರಡು ಮಾತು

ಪಾಠದ ಕೊನೆಗೆ ಬಹು ಆಯ್ಕೆಯ ಪ್ರಶ್ನೆಗಳ ಪರೀಕ್ಷೆ ಇರುತ್ತದೆ. ಕಷ್ಟವೇನಲ್ಲ. ಆದರೆ ಎರಡು ವಿಷಯ ಪರೀಕ್ಷೆ ಮುಗಿದ ಮೇಲೂ ನೆನಪಿರಬೇಕು.

ಒಂದು, ಗಾಳಿ ಹಿಗ್ಗುತ್ತದೆ, ಕುಗ್ಗುತ್ತದೆ. ಒಂದು ಬಲೂನನ್ನು ಊದಿ 10 ಮೀಟರ್ ಆಳಕ್ಕೆ ಒಯ್ದರೆ ಅದು ಅರ್ಧಕ್ಕೆ ಕುಗ್ಗುತ್ತದೆ. 20 ಮೀಟರ್‌ನಲ್ಲಿ ಮೂರನೇ ಒಂದು ಭಾಗ. ಅದೇ ಬಲೂನನ್ನು 10 ಮೀಟರ್ ಆಳದಲ್ಲಿ ಪೂರ್ತಿ ಊದಿ ಮೇಲೆ ತಂದರೆ ಎರಡರಷ್ಟಾಗಿ ಒಡೆಯುತ್ತದೆ. ನಿಮ್ಮ ಶ್ವಾಸಕೋಶವೇ ಆ ಬಲೂನು. ಆದ್ದರಿಂದ ಸ್ಕೂಬಾದ ಮೊದಲ ನಿಯಮ: ಯಾವತ್ತೂ ಉಸಿರು ಬಿಗಿಹಿಡಿಯಬೇಡಿ. ಬಾವಿಯಲ್ಲಿ ಮುಳುಗು ಹಾಕಿ ಬೆಳೆದವರಿಗೆ ಇದು ಜಾಸ್ತಿ ಕಷ್ಟ, ಯಾಕೆಂದರೆ ನೀರಿನೊಳಗೆ ಹೋದ ಕೂಡಲೇ ಉಸಿರು ಹಿಡಿಯುವುದು ಅವರ ಮೈಗೆ ಅಭ್ಯಾಸವಾಗಿರುತ್ತದೆ. ಆ ಅಭ್ಯಾಸವನ್ನು ಈಜುಕೊಳದಲ್ಲೇ ಬಿಟ್ಟುಬಿಡಬೇಕು.

ಎರಡು, ಸಾರಜನಕ. ಸಿಲಿಂಡರ್‌ನಲ್ಲಿ ಇರುವುದು ಶುದ್ಧ ಆಕ್ಸಿಜನ್ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ನಾವು ಉಸಿರಾಡುವ ಗಾಳಿಯನ್ನೇ ಸೋಸಿ, ಒತ್ತಿ ತುಂಬಿರುತ್ತಾರೆ. ಅದರಲ್ಲಿ ಸುಮಾರು 79 ಭಾಗ ಸಾರಜನಕ. ಆಳದಲ್ಲಿ ಒತ್ತಡ ಜಾಸ್ತಿ ಇರುವುದರಿಂದ ಅದು ರಕ್ತದಲ್ಲಿ, ಮೈಯಲ್ಲಿ ಕರಗುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನ ಜೊತೆ ಹೊರಗೆ ಹೋಗುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ ಸರ್ರನೆ ಮೇಲೆ ಬಂದರೆ ಮೈಯೊಳಗೇ ಗುಳ್ಳೆಗಳಾಗುತ್ತವೆ. ಕೀಲುನೋವು, ಜೋಮು, ಕೆಲವೊಮ್ಮೆ ಲಕ್ವ ಹೊಡೆದ ಹಾಗೆ ಕೈಕಾಲು ಬೀಳುವ ತನಕ ಹೋಗಬಹುದು. ಇದಕ್ಕೆ ‘ಡಿಕಂಪ್ರೆಶನ್ ಸಿಕ್‌ನೆಸ್’ ಎಂದು ಹೆಸರು.

7. ಸಲಕರಣೆ

ಮಾಸ್ಕ್ ಎಂದರೆ ಕಣ್ಣು, ಮೂಗು ಎರಡನ್ನೂ ಮುಚ್ಚುವ ಕನ್ನಡಕ. ಈಜುವವರ ಗಾಗಲ್ಸ್ ನಡೆಯುವುದಿಲ್ಲ, ಯಾಕೆಂದರೆ ಆಳದಲ್ಲಿ ಮಾಸ್ಕ್ ಮುಖಕ್ಕೆ ಒತ್ತಿಕೊಂಡಾಗ ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟು ಸಡಿಲ ಮಾಡಬೇಕು. ರೆಗ್ಯುಲೇಟರ್ ಎಂದರೆ ಬಾಯಲ್ಲಿಟ್ಟುಕೊಂಡು ಉಸಿರಾಡುವುದು. ಅದರ ಜೊತೆ ಸಾಮಾನ್ಯವಾಗಿ ಹಳದಿ ಬಣ್ಣದ ಇನ್ನೊಂದು ಇರುತ್ತದೆ, ಅದು ‘ಆಕ್ಟೋಪಸ್’. ಜೊತೆಗಾರರ ಗಾಳಿ ಮುಗಿದರೆ ಕೊಡಲಿಕ್ಕೆ. ಬಿಸಿಡಿ ಎಂದರೆ ಗಾಳಿ ತುಂಬಿಸಬಹುದಾದ ಜಾಕೆಟ್, ತೇಲಲು, ಮುಳುಗಲು ಇದೇ. ಗೇಜ್ ಸಿಲಿಂಡರಿನಲ್ಲಿ ಉಳಿದ ಗಾಳಿ ತೋರಿಸುತ್ತದೆ. ಸೊಂಟಕ್ಕೆ ಸೀಸದ ತೂಕದ ಬೆಲ್ಟ್, ಕಾಲಿಗೆ ಬಾತುಕೋಳಿ ಪಾದದಂಥ ಫಿನ್ಸ್.

ಕನ್ನಡಕ ಹಾಕುವವರು ಪವರ್ ಇರುವ ಮಾಸ್ಕ್ ಸಿಗುತ್ತದಾ ಎಂದು ಮೊದಲೇ ಕೇಳಿ. ದಪ್ಪ ಮೀಸೆ ಇದ್ದರೆ ಮಾಸ್ಕ್‌ನೊಳಗೆ ನೀರು ಜಿನುಗುತ್ತದೆ. ಮೂಗಿನ ಕೆಳಗೆ ಸ್ವಲ್ಪ ಕತ್ತರಿಸಿದರೆ ಸಾಕು. ತಲೆಕೂದಲು ಮಾಸ್ಕ್ ಅಂಚಿಗೆ ಸಿಗದ ಹಾಗೆ ನೋಡಿಕೊಳ್ಳಿ.

8. ಈಜುಕೊಳ: ಇಲ್ಲಿ ನಾಚಿಕೆ ಬೇಡ

ಇಡೀ ಕೋರ್ಸಿನ ಜೀವಾಳ ಇದು. ಇಲ್ಲಿ ಕಲಿಯುವುದನ್ನೇ ಕಡಲಿನಲ್ಲಿ ಮತ್ತೆ ಮಾಡಿ ತೋರಿಸಬೇಕು. ಬಾಯಿಯಿಂದ ಬಿದ್ದ ರೆಗ್ಯುಲೇಟರ್ ಹುಡುಕಿ ಮತ್ತೆ ಹಾಕಿಕೊಳ್ಳುವುದು, ಜೊತೆಗಾರರ ಆಕ್ಟೋಪಸ್‌ನಿಂದ ಉಸಿರಾಡುವುದು, ನೆಲಕ್ಕೂ ತಾಗದೆ ಮೇಲಕ್ಕೂ ಹೋಗದೆ ಒಂದೇ ಕಡೆ ತೇಲಿ ನಿಲ್ಲುವುದು, ಹೀಗೆ ಹಲವು.

ಎಲ್ಲಕ್ಕಿಂತ ಜಾಸ್ತಿ ಜನ ತಡವರಿಸುವುದು ಮಾಸ್ಕ್ ನೀರು ತೆಗೆಯುವುದರಲ್ಲಿ. ಬೇಕೆಂದೇ ಮಾಸ್ಕ್ ಒಳಗೆ ನೀರು ಬಿಟ್ಟುಕೊಂಡು, ಮೇಲಿನ ಅಂಚನ್ನು ಹಣೆಗೆ ಒತ್ತಿ ಹಿಡಿದು, ಸ್ವಲ್ಪ ತಲೆ ಎತ್ತಿ, ಮೂಗಿನಿಂದ ಗಾಳಿ ಬಿಡಬೇಕು. ಗಾಳಿ ಮೇಲೆ ಸೇರಿ ನೀರು ಕೆಳಗಿನಿಂದ ಹೊರಗೆ ಹೋಗುತ್ತದೆ. ಹೇಳಿದಷ್ಟು ಸುಲಭವಲ್ಲ. ಮೂಗಿಗೆ ನೀರು ತಾಗಿದ ಕೂಡಲೇ ಮೂಗಿನಿಂದ ಉಸಿರು ಎಳೆದುಕೊಳ್ಳುವುದು ಮನುಷ್ಯನ ಸಹಜ ಅಭ್ಯಾಸ. ಎಳೆದರೆ ನೀರು ನೆತ್ತಿಗೇರುತ್ತದೆ, ಗಾಬರಿ, ಎದ್ದು ನಿಲ್ಲಬೇಕು ಅನ್ನಿಸುತ್ತದೆ.

ಇದಕ್ಕೆ ಮನೆಯಲ್ಲೇ ಒಂದು ಅಭ್ಯಾಸ ಇದೆ. ಒಂದು ಬೋಗುಣಿಯಲ್ಲೋ ಬಕೆಟ್‌ನಲ್ಲೋ ನೀರು ತುಂಬಿ, ಸ್ನಾರ್ಕೆಲ್ ಕೊಳವೆ ಬಾಯಲ್ಲಿಟ್ಟು, ಮಾಸ್ಕ್ ಇಲ್ಲದೆ ಮುಖ ಮುಳುಗಿಸಿ. ಬಾಯಲ್ಲಿ ಉಸಿರು ತೆಗೆದು ಬಾಯಲ್ಲೇ ಬಿಡಿ. ಪಕ್ಕದಲ್ಲಿ ಒಬ್ಬರು ಇರಲಿ. ಒಂದು ವಾರ, ದಿನಾ ಎರಡು ನಿಮಿಷ. ಮೂಗು ನೀರಿನಲ್ಲಿದ್ದರೂ ಬಾಯಲ್ಲಿ ಉಸಿರಾಡಬಹುದು ಎಂಬುದು ಮೈಗೆ ಗೊತ್ತಾಗಬೇಕು, ಅಷ್ಟೇ. ನನಗೆ ಈಜುಕೊಳದಲ್ಲಿ ಆರು ಸಲ ಸೋತ ಮೇಲೆ ಇದು ಬಂತು. ಏಳನೇ ಸಲಕ್ಕೆ ಕಾಯುವ ಇನ್‌ಸ್ಟ್ರಕ್ಟರ್ ಸಿಕ್ಕಿದ್ದು ಪುಣ್ಯ.

ಯಾವುದಾದರೂ ಒಂದು ಪಾಠ ಸರಿಯಾಗಿ ಬರಲಿಲ್ಲ ಎಂದರೆ “ಇನ್ನೊಂದು ಸಲ ಮಾಡೋಣ” ಎಂದು ನೀವೇ ಕೇಳಿ. ಬೇರೆಯವರು ಕಾಯುತ್ತಿದ್ದಾರೆ ಎಂದು ‘ಬಂತು, ಬಂತು’ ಎಂದು ತಲೆಯಾಡಿಸಿ ಕಡಲಿಗೆ ಹೋಗಬೇಡಿ. ಈಜುಕೊಳದಲ್ಲಾದರೆ ಎದ್ದು ನಿಲ್ಲಬಹುದು. 12 ಮೀಟರ್ ಆಳದಲ್ಲಿ ಆಗುವುದಿಲ್ಲ.

ಸನ್ನೆಗಳನ್ನೂ ಇಲ್ಲೇ ಕಲಿಸುತ್ತಾರೆ. ಹೆಬ್ಬೆರಳು, ತೋರುಬೆರಳು ಸೇರಿಸಿ ಸುತ್ತು ಮಾಡಿದರೆ ‘ಎಲ್ಲ ಸರಿ ಇದೆ’. ಅಂಗೈ ಚಪ್ಪಟೆ ಹಿಡಿದು ಆಚೀಚೆ ಅಲ್ಲಾಡಿಸಿದರೆ ‘ಏನೋ ತೊಂದರೆ’. ಆಮೇಲೆ ತೊಂದರೆ ಎಲ್ಲಿದೆಯೋ ಅಲ್ಲಿಗೆ ಬೆರಳು ತೋರಿಸಬೇಕು. ಕುತ್ತಿಗೆಗೆ ಅಡ್ಡವಾಗಿ ಕೈ ಎಳೆದರೆ ‘ಗಾಳಿ ಇಲ್ಲ’. ಇನ್ನು, ಹೆಬ್ಬೆರಳು ಮೇಲೆತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ‘ಸೂಪರ್’ ಎನ್ನಲು ಹೆಬ್ಬೆರಳು ಎತ್ತಿ, ಒಳ್ಳೆಯ ಡೈವ್ ಅರ್ಧಕ್ಕೇ ಮುಗಿಸಿದವರು ಬಹಳ ಜನ ಇದ್ದಾರೆ.

9. ದೋಣಿಯ ಬೆಳಿಗ್ಗೆ

ದೋಣಿಗಳು ಬೆಳಿಗ್ಗೆ ಬೇಗ ಹೊರಡುತ್ತವೆ. ಮಧ್ಯಾಹ್ನವಾದಂತೆ ಕಡಲಗಾಳಿ ಎದ್ದು ಅಲೆ ಏಳುತ್ತದೆ. ಮುರುಡೇಶ್ವರದ ಶಿವನ ಮೂರ್ತಿ ಹಿಂದೆ ಸಣ್ಣದಾಗುತ್ತಾ ಹೋಗುತ್ತದೆ. ದ್ವೀಪ ಮುಟ್ಟಲು ಒಂದರಿಂದ ಒಂದೂವರೆ ಗಂಟೆಯಾದರೂ ಬೇಕು.

ಹೆಚ್ಚು ಜನರ ಡೈವ್ ಹಾಳಾಗುವುದು ಇದೇ ಪ್ರಯಾಣದಲ್ಲಿ. ಹಿಂದಿನ ರಾತ್ರಿ ಬಿಯರ್ ಬೇಡ. ಎಣ್ಣೆಯ ತಿಂಡಿ ಬೇಡ. ಹಾಗಂತ ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ. ಎರಡು ಇಡ್ಲಿ, ಒಂದು ಬಾಳೆಹಣ್ಣು ಸಾಕು. ನೀರು ಆಗಾಗ ಗುಟುಕು ಗುಟುಕಾಗಿ ಕುಡಿಯಿರಿ. ದೋಣಿಯಲ್ಲಿ ಡೀಸೆಲ್ ಹೊಗೆ ಬರುವ ಕಡೆ ಕೂರಬೇಡಿ, ಮೊಬೈಲ್ ನೋಡಬೇಡಿ, ದೂರದ ಕಡಲಂಚು ನೋಡುತ್ತಿರಿ. ವಾಂತಿ ತಡೆಯುವ ಮಾತ್ರೆ ಬೇಕಿದ್ದರೆ ವೈದ್ಯರನ್ನು ಕೇಳಿ ತಗೊಳ್ಳಿ, ಯಾಕೆಂದರೆ ಕೆಲವು ಮಾತ್ರೆಗಳಿಂದ ತೂಕಡಿಕೆ ಬರುತ್ತದೆ.

ಶೀತ ಇದ್ದರೆ ಆ ದಿನ ಡೈವ್ ಬೇಡ. ಮೂಗು ಬಿಡಿಸುವ ಡ್ರಾಪ್ಸ್ ಹಾಕಿಕೊಂಡು ಇಳಿಯುವ ಉಪಾಯವೂ ಬೇಡ. ಆಳದಲ್ಲಿರುವಾಗ ಔಷಧದ ಪ್ರಭಾವ ಇಳಿದರೆ ಗಾಳಿ ಕಿವಿಯೊಳಗೆ ಸಿಕ್ಕಿಕೊಂಡು, ಮೇಲೆ ಬರುವಾಗ ವಿಪರೀತ ನೋವಾಗುತ್ತದೆ.

ನೀರಿಗೆ ಬೀಳುವ ಮೊದಲು ಜೊತೆಗಾರರು ಒಬ್ಬರದನ್ನೊಬ್ಬರು ನೋಡಬೇಕು. ಜಾಕೆಟ್‌ಗೆ ಗಾಳಿ ತುಂಬುತ್ತದಾ, ಬೆಲ್ಟ್ ಬಿಗಿಯಾಗಿದೆಯಾ, ಕೊಕ್ಕೆಗಳು ಹಾಕಿವೆಯಾ, ಸಿಲಿಂಡರ್ ಪೂರ್ತಿ ತೆರೆದಿದೆಯಾ, ರೆಗ್ಯುಲೇಟರ್‌ನಲ್ಲಿ ಎರಡು ಉಸಿರು ತೆಗೆದಾಗ ಗೇಜಿನ ಮುಳ್ಳು ಅಲ್ಲಾಡದೆ ನಿಂತಿದೆಯಾ. ಮುಳ್ಳು ಉಸಿರಿನ ಜೊತೆ ಹಿಂದೆ ಮುಂದೆ ಓಡಿದರೆ ಸಿಲಿಂಡರ್ ಸರಿಯಾಗಿ ತೆರೆದಿಲ್ಲ. ಎಷ್ಟು ಅನುಭವ ಇರುವವರು ಹಾಕಿಕೊಟ್ಟಿದ್ದರೂ ನೀವೇ ನೋಡಿ.

10. ಇಳಿಯುವುದು

ಲಂಗರಿನ ಹಗ್ಗ ಹಿಡಿದುಕೊಂಡು ಕಾಲು ಕೆಳಗೆ ಮಾಡಿ ಇಳಿಯಿರಿ. ತಲೆ ಕೆಳಗೆ ಮಾಡಿದರೆ ಕಿವಿ ಬಿಡುವುದು ಕಷ್ಟ. ನೀರಿನ ಮೇಲಿರುವಾಗಲೇ ಒಂದು ಸಲ ಕಿವಿ ಬಿಡಿಸಿಕೊಳ್ಳಿ, ಆಮೇಲೆ ಅರ್ಧ ಮೀಟರ್‌ಗೊಮ್ಮೆ, ನೋವು ಬರುವ ಮೊದಲೇ. ನೋವು ಬಂತು ಎಂದರೆ ತಡವಾಯಿತು ಎಂದರ್ಥ. ಆಗ ಒತ್ತಿ ಊದಬೇಡಿ. ‘ತೊಂದರೆ’ ಸನ್ನೆ ಮಾಡಿ, ಕಿವಿ ತೋರಿಸಿ, ಒಂದು ಮೀಟರ್ ಮೇಲೆ ಬನ್ನಿ. ಬಿಟ್ಟಿತಾ, ಮತ್ತೆ ನಿಧಾನವಾಗಿ ಇಳಿಯಿರಿ. ಬಿಡಲೇ ಇಲ್ಲವಾ, ಆ ಡೈವ್ ಬಿಡಿ.

ಮೊದಲ ಐದು ಮೀಟರ್‌ಗೆ ಐದು ನಿಮಿಷ ಹಿಡಿದರೂ ಪರವಾಗಿಲ್ಲ. ಕೆಳಗೆ ಬೇರೆಯವರು ಕಾಯುತ್ತಿದ್ದಾರೆ ಎಂದು ಹಲ್ಲು ಕಚ್ಚಿ ಇಳಿದವರಿಗೆ ಕಿವಿ ತಮಟೆಯ ಹಿಂದೆ ರಕ್ತ ಸೇರಿ ವಾರಗಟ್ಟಲೆ ಕಿವಿ ಮಂಕಾಗಬಹುದು. ಶುರುವಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇದೇ. ತಮಟೆ ಒಡೆಯುವುದು ನಿಜ, ಆದರೆ ಅದು ಸಾಮಾನ್ಯವಾಗಿ ನೋವನ್ನು ಲೆಕ್ಕಿಸದೆ ಇಳಿದವರಿಗೆ.

11. ಕೆಳಗೆ

ಈಗ ನೀವು ಹವಳದ ಪಕ್ಕ ಇದ್ದೀರಿ. ಕೆಂಪು ಬಣ್ಣ ಮೇಲಿನ ಕೆಲವು ಮೀಟರ್‌ಗಳಲ್ಲೇ ಮಾಯವಾಗುತ್ತದೆ, ಎಲ್ಲವೂ ನೀಲಿ ಹಸಿರು. ಮಾಸ್ಕ್‌ನಿಂದ ನೋಡುವಾಗ ಎಲ್ಲವೂ ಸ್ವಲ್ಪ ದೊಡ್ಡದಾಗಿ, ಹತ್ತಿರ ಕಾಣುತ್ತದೆ. ಮೀನು ಮಾರ್ಕೆಟ್ಟಿನಲ್ಲಿ ಐಸ್ ಮೇಲೆ ನೋಡಿದ ಮುರು ಮೀನು ಇಲ್ಲಿ ಬಂಡೆಯ ಸಂದಿಯಿಂದ ನಿಮ್ಮನ್ನೇ ನೋಡುತ್ತಿರುತ್ತದೆ. ಗಿಳಿಮೀನು ಹವಳ ಕಡಿಯುವ ಸದ್ದು ಕಿವಿಗೆ ಬೀಳುತ್ತದೆ. ಅದೃಷ್ಟ ಇದ್ದರೆ ತೊರಕೆ ಎಂಬ ಚಪ್ಪಟೆ ಮೀನು ಮರಳಿನ ಮೇಲೆ ಜಾರಿಕೊಂಡು ಹೋಗುವುದು ಕಾಣುತ್ತದೆ.

ಉಸಿರಾಟ ನಿಧಾನ ಇರಲಿ. ಎಳೆದುಕೊಂಡಾಗ ಸ್ವಲ್ಪ ಮೇಲೆ ಹೋಗುತ್ತೀರಿ, ಬಿಟ್ಟಾಗ ಇಳಿಯುತ್ತೀರಿ. ಆದರೆ ತಕ್ಷಣ ಅಲ್ಲ, ಒಂದೆರಡು ಸೆಕೆಂಡ್ ತಡವಾಗಿ. ಈ ತಡ ಗೊತ್ತಿಲ್ಲದೆ ಹೊಸಬರು ಜಾಕೆಟ್ಟಿನ ಗುಂಡಿಯನ್ನು ಒತ್ತುತ್ತಲೇ ಇರುತ್ತಾರೆ. ಒಮ್ಮೆ ಮೇಲೆ ಹಾರುತ್ತಾರೆ, ಒಮ್ಮೆ ಹವಳದ ಮೇಲೆ ಬೀಳುತ್ತಾರೆ. ಗುಂಡಿಯನ್ನು ಚಿಟಿಕೆಯಷ್ಟು ಒತ್ತಿ, ಎರಡು ಉಸಿರು ಕಾಯಿರಿ. ಹದ ಸಿಕ್ಕಿದ ಮೇಲೆ ಬರೀ ಉಸಿರಿನಲ್ಲೇ ಮೇಲೆ ಕೆಳಗೆ ಮಾಡಬಹುದು.

ಏನನ್ನೂ ಮುಟ್ಟಬೇಡಿ. ಹವಳ ಕಲ್ಲಿನ ಹಾಗೆ ಕಂಡರೂ ಜೀವ ಇರುವ ಪ್ರಾಣಿಗಳ ಗುಂಪು. ಬೆರಳೆತ್ತರ ಬೆಳೆಯಲು ವರ್ಷಗಳು ಬೇಕು, ಒಂದು ಫಿನ್ಸ್ ಏಟಿಗೆ ಮುರಿಯುತ್ತದೆ. ಜೊತೆಗೆ ಮುಳ್ಳಿನ ಕಡಲ ಜೀವಿಗಳು, ವಿಷದ ಮುಳ್ಳಿರುವ ಮೀನುಗಳು ಕೂಡ ಬಂಡೆಗಳಲ್ಲಿರುತ್ತವೆ.

ಗಾಳಿಯ ಲೆಕ್ಕ ಹೀಗೆ. ಸಾಮಾನ್ಯ ಸಿಲಿಂಡರ್ 11 ಲೀಟರ್, 200 ಬಾರ್ ಒತ್ತಡಕ್ಕೆ ತುಂಬಿರುತ್ತದೆ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ದಡದಲ್ಲಿರುವ ಗಾಳಿಯ ಒತ್ತಡ). ಅಂದರೆ ಸುಮಾರು 2,200 ಲೀಟರ್ ಗಾಳಿ. 10 ಮೀಟರ್‌ನಲ್ಲಿ ದಡದಲ್ಲಿ ಬಳಸುವ ಎರಡರಷ್ಟು ಖರ್ಚಾಗುತ್ತದೆ. ಆರಾಮಾಗಿ ಉಸಿರಾಡುವವರಿಗೆ ಅಲ್ಲಿ ಸುಮಾರು 40 ನಿಮಿಷ ಬರುತ್ತದೆ. ಗಾಬರಿಯಲ್ಲಿ ಏದುಸಿರು ಬಿಡುವವರಿಗೆ 20, 25 ನಿಮಿಷಕ್ಕೇ ಮುಗಿಯಬಹುದು. ಐದು ನಿಮಿಷಕ್ಕೊಮ್ಮೆ ಗೇಜ್ ನೋಡಿ. 100 ಬಾರ್ ಆದಾಗ ಇನ್‌ಸ್ಟ್ರಕ್ಟರ್‌ಗೆ ತಿಳಿಸಿ. ದೋಣಿ ಹತ್ತುವಾಗ ಇನ್ನೂ 50 ಬಾರ್ ಉಳಿದಿರಬೇಕು.

12. ಮೇಲೆ ಬರುವುದು

ನಿಮಿಷಕ್ಕೆ 9 ಮೀಟರ್‌ಗಿಂತ ವೇಗವಾಗಿ ಬರಬೇಡಿ. ನೀವು ಬಿಟ್ಟ ಅತಿ ಸಣ್ಣ ಗುಳ್ಳೆಗಳಿಗಿಂತ ನಿಧಾನವಾಗಿ ಏರಿ. ಮೇಲೆ ಏರುವಾಗ ಜಾಕೆಟ್ಟಿನ ಗಾಳಿಯೂ ಹಿಗ್ಗುತ್ತದೆ, ಅದನ್ನು ಸ್ವಲ್ಪ ಸ್ವಲ್ಪ ಬಿಡುತ್ತಾ ಬರಬೇಕು. 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲಬೇಕು. ಇದಕ್ಕೆ ‘ಸೇಫ್ಟಿ ಸ್ಟಾಪ್’ ಎನ್ನುತ್ತಾರೆ. ಕೊನೆಯ ಈ 5 ಮೀಟರ್‌ನಲ್ಲೇ ಗಾಳಿ ಅತಿ ಬೇಗ ಹಿಗ್ಗುವುದು. ದೋಣಿ ಕಂಡಿತು ಎಂದು ಇಲ್ಲಿ ಓಡಬೇಡಿ. ಕೈ ಮೇಲೆತ್ತಿ, ಮೇಲೆ ನೋಡುತ್ತಾ, ಉಸಿರಾಡುತ್ತಾ ಬನ್ನಿ. ನೀರಿನ ಮೇಲೆ ಬಂದ ಕೂಡಲೇ ಜಾಕೆಟ್‌ಗೆ ಗಾಳಿ ತುಂಬಿಸಿ, ಆಮೇಲೆ ಮಾತು.

13. ವಾಪಸ್ ಘಾಟಿ ಹತ್ತುವುದು ಯಾವಾಗ

ಡೈವ್ ಮಾಡಿದ ಮೇಲೆ ತಕ್ಷಣ ವಿಮಾನ ಹತ್ತಬಾರದು ಎಂದು ಎಲ್ಲರೂ ಹೇಳುತ್ತಾರೆ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಕೋರ್ಸಿನ ಹಾಗೆ ಹಲವು ಡೈವ್ ಆದರೆ ಕನಿಷ್ಠ 18 ಗಂಟೆ ಕಾಯಬೇಕು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು ಮೈಯಲ್ಲಿ ಉಳಿದ ಸಾರಜನಕ ಗುಳ್ಳೆಯಾಗಬಹುದು ಎಂಬುದು ಕಾರಣ.

“ನಾವು ಬಸ್ಸಿನಲ್ಲಿ ಹೋಗುತ್ತೇವೆ, ವಿಮಾನ ಅಲ್ಲವಲ್ಲ” ಎಂದು ನಮ್ಮ ಜನ ಇದನ್ನು ಬಿಟ್ಟುಬಿಡುತ್ತಾರೆ. ಆದರೆ ಈ ಸಲಹೆ ವಿಮಾನದೊಳಗಿನ ಒತ್ತಡ 2,000 ಅಡಿಯಿಂದ 8,000 ಅಡಿ ಎತ್ತರಕ್ಕೆ ಸಮ ಎಂದು ಇಟ್ಟುಕೊಂಡು ಮಾಡಿದ್ದು. ಬೆಂಗಳೂರು ಇರುವುದೇ ಸುಮಾರು 3,000 ಅಡಿ ಎತ್ತರದಲ್ಲಿ. ಮೈಗೆ ಗೊತ್ತಾಗುವುದು ಎತ್ತರ, ಬಸ್ಸೋ ವಿಮಾನವೋ ಅಲ್ಲ. ಮಂಗಳೂರಿನ ಮೇಲಿಂದ ಬರುವ ರೈಲಾದರೂ ಸಕಲೇಶಪುರ ಘಾಟಿ ಹತ್ತಲೇಬೇಕು. “ಡೈವ್ ಮುಗಿಸಿ ಜೋಗ ನೋಡಿಕೊಂಡು ಹೋಗೋಣ”, “ದಾರಿಯಲ್ಲಿ ಮುಳ್ಳಯ್ಯನಗಿರಿ ಹತ್ತೋಣ” ಅನ್ನುವ ಪ್ಲಾನ್‌ಗಳೂ ಇದೇ ಲೆಕ್ಕಕ್ಕೆ ಬರುತ್ತವೆ. ಮುಳ್ಳಯ್ಯನಗಿರಿ 6,300 ಅಡಿ ದಾಟುತ್ತದೆ.

ಹಾಗಾಗಿ ಜೋಗ, ಚಿಕ್ಕಮಗಳೂರು ಎಲ್ಲ ಬರುವಾಗಲೇ ನೋಡಿ. ಕೊನೆಯ ಡೈವ್ ಮುಗಿದು ನೀವು ಮಧ್ಯಾಹ್ನ 12ಕ್ಕೆ ಮೇಲೆ ಬಂದರೆ, 18 ಗಂಟೆ ಎಂದರೆ ಮರುದಿನ ಬೆಳಿಗ್ಗೆ 6. ಅವತ್ತು ರಾತ್ರಿ ದಡದಲ್ಲೇ ಇರಿ. ಸಂಜೆಗೆ ಇಡಗುಂಜಿ ಇದೆ, ಹೊನ್ನಾವರದಲ್ಲಿ ಶರಾವತಿ ದಂಡೆಯ ಕಾಂಡ್ಲಾ ಕಾಡಿದೆ. ಕಿವಿಯನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ನೀರು ಚೆನ್ನಾಗಿ ಕುಡಿಯಿರಿ. ಡೈವ್‌ನ ಆಳ, ಸಮಯ, ಎಷ್ಟು ತೂಕ ಹಾಕಿದ್ದಿರಿ, ಎಷ್ಟು ಗಾಳಿ ಉಳಿಯಿತು ಎಲ್ಲವನ್ನೂ ಲಾಗ್‌ಬುಕ್‌ನಲ್ಲಿ ಅವತ್ತೇ ಬರೆದು ಇನ್‌ಸ್ಟ್ರಕ್ಟರ್ ಸಹಿ ಹಾಕಿಸಿ. ಮುಂದಿನ ಸಲ ಬೇರೆ ಊರಿನಲ್ಲಿ ಡೈವ್ ಮಾಡುವಾಗ ತೂಕದ ಆ ಒಂದು ಸಾಲು ಬಹಳ ಸಮಯ ಉಳಿಸುತ್ತದೆ.

ಊರಿಗೆ ಬಂದ ಮೇಲೂ ಒಂದೆರಡು ದಿನ ಮೈ ಕಡೆ ಗಮನ ಇರಲಿ. ಕೀಲುಗಳಲ್ಲಿ ಆಳದ ನೋವು, ಕೈಕಾಲು ಜೋಮು, ಚರ್ಮದ ಮೇಲೆ ಬರೆ ಬರೆಯಾಗಿ ಕೆಂಪು, ತಲೆಸುತ್ತು, ಕಾರಣವಿಲ್ಲದ ವಿಪರೀತ ಸುಸ್ತು ಇದ್ದರೆ ‘ಬಸ್ಸಿನ ಪ್ರಯಾಣದ ಆಯಾಸ’ ಎಂದು ಮಲಗಬೇಡಿ. ಡೈವಿಂಗ್ ಶಾಲೆಗೆ ಫೋನ್ ಮಾಡಿ, ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ. ಅಲ್ಲಿ ಹೇಳಬೇಕಾದ ಮೊದಲ ಮಾತು “ನಾನು ಡೈವಿಂಗ್ ಮಾಡಿ ಬಂದಿದ್ದೇನೆ, ಇಷ್ಟು ಆಳಕ್ಕೆ, ಇಷ್ಟು ಗಂಟೆಗಳ ಹಿಂದೆ.” ಲಾಗ್‌ಬುಕ್ ಜೊತೆಗೇ ಇಟ್ಟುಕೊಳ್ಳಿ, ವೈದ್ಯರಿಗೆ ಬೇಕಾದ ಲೆಕ್ಕ ಅದರಲ್ಲಿದೆ.